ಭೌತಶಾಸ್ತ್ರ, ಖಗೋಳಶಾಸ್ತ್ರ ಓದಬೇಕೆನ್ನುವ ಮಕ್ಕಳಿಗೆ ಮುಂದೇನು ದಾರಿ? ಪೋಷಕರು ತಿಳಿದಿರಬೇಕಾದ ವಿಷಯಗಳು

ಬೆಂಗಳೂರಿನಿಂದ ಬಾಗೇಪಲ್ಲಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟಿದ ಮೇಲೆ ಪೆರೇಸಂದ್ರ ಸಿಗುತ್ತದೆ. ಅಲ್ಲಿಂದ ಗುಡಿಬಂಡೆಗೆ ರಸ್ತೆ ತಿರುಗುತ್ತದೆ. ಗುಡಿಬಂಡೆಯ ಬಸದಿಗಳ ದರ್ಶನಕ್ಕೆ ಹೋಗುವ ಕುಟುಂಬಗಳಿಗೆ ಈ ತಿರುವು ಚೆನ್ನಾಗಿ ಗೊತ್ತು. ಇದೇ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಹೊರಗೆ, ಹೊಲಗಳ ನಡುವೆ, ಸುಮಾರು ಐವತ್ತು ವರ್ಷಗಳಿಂದ ಆಕಾಶವನ್ನು ಗಮನಿಸುತ್ತಿರುವ ಒಂದು ವೀಕ್ಷಣಾಲಯ ಇದೆ. ಬಸದಿ ನೋಡಿ ಬಂದವರಲ್ಲಿ ಹೆಚ್ಚಿನವರು ಅದನ್ನು ನೋಡಿಲ್ಲ.

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶದ ಸಮಯದಲ್ಲಿ ಸಮಾಜದ ಅನೇಕ ಮನೆಗಳಲ್ಲಿ ಒಂದೇ ಮಾತು ನಡೆಯುತ್ತದೆ. ಮಗ ಕಾಮರ್ಸ್ ತೆಗೆದುಕೊಂಡು ಸಿ.ಎ. ಮಾಡಲಿ, ಇಲ್ಲವಾದರೆ ಇಂಜಿನಿಯರಿಂಗ್ ಮಾಡಲಿ, ಎರಡೂ ಆಗದಿದ್ದರೆ ಅಂಗಡಿ ಇದ್ದೇ ಇದೆ. ಆ ಮನೆಯಲ್ಲಿ ಒಂದು ಮಗು, "ನನಗೆ ಫಿಸಿಕ್ಸ್ ಓದಬೇಕು, ನಕ್ಷತ್ರಗಳ ಬಗ್ಗೆ ಸಂಶೋಧನೆ ಮಾಡಬೇಕು" ಎಂದರೆ ಹಿರಿಯರಿಗೆ ಏನು ಹೇಳಬೇಕೆಂದು ತಿಳಿಯುವುದಿಲ್ಲ. ಅದರಿಂದ ಹೊಟ್ಟೆ ತುಂಬುತ್ತದೆಯೇ? ಎಷ್ಟು ವರ್ಷ ಓದಬೇಕು? ಎಲ್ಲಿ ಇರಬೇಕು? ಊಟಕ್ಕೇನು? ಈ ಪ್ರಶ್ನೆಗಳು ತಪ್ಪಲ್ಲ. ಉತ್ತರ ಹೇಳುವವರು ಹತ್ತಿರದಲ್ಲಿ ಇರುವುದಿಲ್ಲ, ಅಷ್ಟೇ. ಉತ್ತರ ಸಿಗದ ಕಾರಣಕ್ಕೇ "ಬೇಡ" ಎಂದು ಹೇಳಿಬಿಡುವ ಮನೆಗಳಿಗಾಗಿ ಈ ಲೇಖನ.

ಮೊದಲು ಒಂದು ಗೊಂದಲ

ಜ್ಯೋತಿಷ್ಯ ಬೇರೆ, ಖಗೋಳಶಾಸ್ತ್ರ ಬೇರೆ. ಹಳ್ಳಿಯಲ್ಲಿ ಮಾತ್ರವಲ್ಲ, ಓದಿದವರಲ್ಲೂ ಈ ಗೊಂದಲ ಇದೆ. ಖಗೋಳಶಾಸ್ತ್ರ ಎಂದರೆ ಸೂರ್ಯ, ಗ್ರಹ, ನಕ್ಷತ್ರಗಳಿಂದ ಬರುವ ಬೆಳಕು ಮತ್ತು ರೇಡಿಯೋ ಅಲೆಗಳನ್ನು ಉಪಕರಣಗಳಿಂದ ಅಳೆದು, ಗಣಿತ ಮತ್ತು ಭೌತಶಾಸ್ತ್ರದ ನಿಯಮಗಳಿಂದ ಅರ್ಥ ಮಾಡಿಕೊಳ್ಳುವ ವಿದ್ಯೆ. ಆದ್ದರಿಂದ ಖಗೋಳ ವಿಜ್ಞಾನಿ ಆಗಬೇಕಾದರೆ ಮೊದಲು ಭೌತಶಾಸ್ತ್ರವನ್ನೇ ಓದಬೇಕು. ನಮ್ಮ ರಾಜ್ಯದ ಸಾಮಾನ್ಯ ಕಾಲೇಜುಗಳಲ್ಲಿ ಖಗೋಳಶಾಸ್ತ್ರಕ್ಕೆಂದೇ ಬೇರೆ ಪದವಿ ಹುಡುಕುವ ಅಗತ್ಯ ಇಲ್ಲ. ಬಿಎಸ್ಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಗಟ್ಟಿಯಾದರೆ ಸಾಕು. ಖಗೋಳದ ವಿಶೇಷ ಅಧ್ಯಯನ ಎಂಎಸ್ಸಿ ಅಥವಾ ಪಿಎಚ್‌.ಡಿ. ಹಂತದಲ್ಲಿ ಬರುತ್ತದೆ.

ಗೌರಿಬಿದನೂರಿನಲ್ಲಿ ಏನಿದೆ?

ಗೌರಿಬಿದನೂರು ವೀಕ್ಷಣಾಲಯವನ್ನು 1976ರಲ್ಲಿ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಆರಂಭಿಸಿದವು. ದೂರದರ್ಶಕ ಎಂದರೆ ಗಾಜಿನ ಕೊಳವೆ ಎಂದುಕೊಂಡು ಹೋದವರಿಗೆ ಅಲ್ಲಿ ಆಶ್ಚರ್ಯ ಕಾದಿರುತ್ತದೆ. ಅಲ್ಲಿ ಕಟ್ಟಿದ್ದು ಕಂಬಗಳು ಮತ್ತು ತಂತಿಗಳ ಸಾಲು. ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ 1,000 ಆಂಟೆನಾಗಳನ್ನು ಹಾಕಿದ್ದರು. ಪೂರ್ವ–ಪಶ್ಚಿಮದ ಸಾಲು ಸುಮಾರು 1.4 ಕಿಲೋಮೀಟರ್ ಉದ್ದ, ದಕ್ಷಿಣದ ಸಾಲು ಸುಮಾರು 450 ಮೀಟರ್. ಹಳೆಯ ಮನೆಗಳ ಮೇಲೆ ಟಿ.ವಿ. ಆಂಟೆನಾ ಇರುತ್ತಿತ್ತಲ್ಲ, ತತ್ವ ಅದೇ. ಟಿ.ವಿ. ಕೇಂದ್ರದ ಬದಲು ಆಕಾಶದಿಂದ ಬರುವ ಅಲೆಗಳನ್ನು ಇದು ಹಿಡಿಯುತ್ತದೆ.

ಆ ಅಲೆಗಳ ಆವರ್ತನ 34.5 ಮೆಗಾಹರ್ಟ್ಸ್, ಅಂದರೆ ಒಂದೊಂದು ಅಲೆಯ ಉದ್ದ ಸುಮಾರು 8.7 ಮೀಟರ್. ಈ ದೂರದರ್ಶಕದಿಂದ ಆಕಾಶದ ಬಹುಭಾಗದ ನಕ್ಷೆ ತಯಾರಿಸಿ, ಕೆ.ಎಸ್. ದ್ವಾರಕನಾಥ್ ಮತ್ತು ಎನ್. ಉದಯಶಂಕರ್ ಅವರು 1990ರಲ್ಲಿ ಪ್ರಕಟಿಸಿದರು. ಇಷ್ಟು ಕಡಿಮೆ ಆವರ್ತನದಲ್ಲಿ ಇಷ್ಟು ವಿಸ್ತಾರದ ನಕ್ಷೆ ಜಗತ್ತಿನಲ್ಲೇ ವಿರಳ. ಆಮೇಲೆ 1997ರಿಂದ ಸೂರ್ಯನನ್ನು ಮಾತ್ರ ನೋಡುವ ರೇಡಿಯೋ ಉಪಕರಣವೂ ಅಲ್ಲಿ ಕೆಲಸ ಮಾಡುತ್ತಿದೆ. ಸೂರ್ಯನ ಹೊರಪದರದಲ್ಲಿ ಏಳುವ ಬಿರುಗಾಳಿಗಳು ಉಪಗ್ರಹಗಳಿಗೂ ವಿದ್ಯುತ್ ಜಾಲಗಳಿಗೂ ತೊಂದರೆ ಕೊಡಬಲ್ಲವು. ಹಾಗಾಗಿ ಈ ಅಧ್ಯಯನಕ್ಕೆ ಪ್ರಾಯೋಗಿಕ ಬೆಲೆಯೂ ಇದೆ.

ಗೌರಿಬಿದನೂರಿನಲ್ಲೇ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪನ ಅಳೆಯುವ ಕೇಂದ್ರ 1965ರಿಂದ ಇದೆ. ದೂರದ ದೇಶದಲ್ಲಿ ನೆಲದೊಳಗೆ ಅಣುಬಾಂಬು ಪರೀಕ್ಷೆ ನಡೆದರೂ ಇಲ್ಲಿಯ ಉಪಕರಣಕ್ಕೆ ಅದರ ಕಂಪನ ತಿಳಿಯುತ್ತದೆ. ಅದೂ ಭೌತಶಾಸ್ತ್ರದ ಕೆಲಸವೇ.

ಇಂತಹ ಕೇಂದ್ರ ನಡೆಯಲು ಪಿಎಚ್‌.ಡಿ. ಮಾಡಿದ ವಿಜ್ಞಾನಿಗಳು ಮಾತ್ರ ಸಾಲುವುದಿಲ್ಲ. ಎಲೆಕ್ಟ್ರಾನಿಕ್ಸ್ ಇಂಜಿನಿಯರ್, ಕಂಪ್ಯೂಟರ್ ಬಲ್ಲವರು, ಡಿಪ್ಲೊಮಾ ಮತ್ತು ಐಟಿಐ ಮಾಡಿದ ತಂತ್ರಜ್ಞರು, ಲೆಕ್ಕಪತ್ರ ನೋಡುವವರು, ಎಲ್ಲರೂ ಬೇಕು. ಖಗೋಳದ ಉದ್ಯೋಗ ಎಂದಾಗ ಇಷ್ಟೂ ಜನರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದೇ ಮಣ್ಣಿನಿಂದ ಹೋದವರು

ಡಾ. ಎಚ್. ನರಸಿಂಹಯ್ಯ ಅವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದವರು. ಪ್ರೌಢಶಾಲೆ ಓದಲು ಬೆಂಗಳೂರಿಗೆ ನಡೆದೇ ಹೋದವರು. ಭೌತಶಾಸ್ತ್ರ ಓದಿ, ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿ, ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಪಡೆದು ಹಿಂದಿರುಗಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಗೌರಿಬಿದನೂರು ಮತ್ತು ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜುಗಳು ಬಂದದ್ದರ ಹಿಂದೆ ಅವರ ಶ್ರಮ ಇದೆ. ಪೆರೇಸಂದ್ರ ಸುತ್ತಿನ ಎಷ್ಟೋ ಮಕ್ಕಳು ಇಂದು ಊರು ಬಿಡದೆ ಪದವಿ ಓದಲು ಇಂಥ ಕಾಲೇಜುಗಳೇ ಕಾರಣ.

ಜೈನ ಸಮಾಜದಲ್ಲೂ ಉದಾಹರಣೆಗಳಿಗೆ ಕೊರತೆ ಇಲ್ಲ. ವಿಕ್ರಮ್ ಸಾರಾಭಾಯ್ ಅಹಮದಾಬಾದಿನ ಜೈನ ಉದ್ಯಮಿ ಮನೆತನದವರು, 1919ರಲ್ಲಿ ಜನಿಸಿದರು. ಬಟ್ಟೆ ಗಿರಣಿಯ ಮನೆಯ ಮಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಮೇಲೆ ಕೆಲಸ ಮಾಡಿದರು. 1947ರಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಸ್ಥಾಪಿಸಿದರು. ದೇಶದ ಬಾಹ್ಯಾಕಾಶ ಕಾರ್ಯಕ್ರಮ ಅವರಿಂದಲೇ ಆರಂಭವಾಯಿತು. ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರು ಪಿಎಚ್‌.ಡಿ. ಮಾಡಿದ್ದು ಇದೇ ಸಾರಾಭಾಯ್ ಅವರ ಮಾರ್ಗದರ್ಶನದಲ್ಲಿ. ಭಾರತದ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ರಂದು ರಾವ್ ಅವರ ನೇತೃತ್ವದಲ್ಲಿ ಆಕಾಶಕ್ಕೆ ಹೋಯಿತು.

ಉದಯಪುರದ ದೌಲತ್ ಸಿಂಗ್ ಕೊಠಾರಿ ಅವರೂ ಜೈನರು. ಶ್ವೇತಕುಬ್ಜ ಎಂಬ ಸಾಂದ್ರ ನಕ್ಷತ್ರಗಳ ಮೇಲೆ ಅವರ ಸಂಶೋಧನೆ ಹೆಸರಾಗಿದೆ. ಶಿಕ್ಷಣ ಕ್ಷೇತ್ರದವರಿಗೆ 1964–66ರ ಕೊಠಾರಿ ಆಯೋಗದಿಂದ ಅವರ ಹೆಸರು ಪರಿಚಿತ.

ಮೌಂಟ್ ಅಬುವಿನ ದಿಲ್ವಾಡ ಬಸದಿಗಳಿಗೆ ಯಾತ್ರೆ ಹೋದ ಕುಟುಂಬಗಳು ಗುರುಶಿಖರಕ್ಕೂ ಹೋಗಿರಬಹುದು. ಅಲ್ಲಿ ಬೆಟ್ಟದ ಮೇಲೆ ಕಾಣುವ ಗುಮ್ಮಟ ಸಾರಾಭಾಯ್ ಸ್ಥಾಪಿಸಿದ ಅದೇ ಪ್ರಯೋಗಾಲಯದ ವೀಕ್ಷಣಾಲಯ. 1.2 ಮೀಟರ್ ದೂರದರ್ಶಕ ಅಲ್ಲಿದೆ, ಈಚೆಗೆ 2.5 ಮೀಟರಿನದೂ ಬಂದಿದೆ.

ಪಿಯುಸಿ ನಂತರದ ದಾರಿಗಳು

ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲೇಬೇಕು. ನಾಲ್ಕನೆಯ ವಿಷಯ ಜೀವಶಾಸ್ತ್ರವೋ ಕಂಪ್ಯೂಟರ್ ವಿಜ್ಞಾನವೋ ಆಗಬಹುದು. ಕಾಮರ್ಸ್ ತೆಗೆದುಕೊಂಡ ಮೇಲೆ ಈ ದಾರಿಗೆ ಹಿಂದಿರುಗುವುದು ತುಂಬಾ ಕಷ್ಟ. ಆದ್ದರಿಂದ ಸಂಶಯ ಇದ್ದರೆ ವಿಜ್ಞಾನ ತೆಗೆದುಕೊಂಡು, ಬೇಕಾದರೆ ಪದವಿಯಲ್ಲಿ ಕಾಮರ್ಸ್‌ಗೆ ಬರುವುದು ಸುಲಭ.

ಪಿಯುಸಿ ನಂತರ ಮುಖ್ಯವಾಗಿ ಐದು ದಾರಿಗಳಿವೆ.

1. ಐಸರ್ ಸಂಸ್ಥೆಗಳು: ಪುಣೆ, ಕೋಲ್ಕತ್ತ, ಮೊಹಾಲಿ, ಭೋಪಾಲ್, ತಿರುವನಂತಪುರ, ತಿರುಪತಿ, ಬೆಹ್ರಾಂಪುರ ಹೀಗೆ ಏಳು ಕಡೆ ಇವೆ. ಐದು ವರ್ಷದ ಬಿಎಸ್–ಎಂಎಸ್ ಪದವಿ. ಐಎಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಮೂರು ಗಂಟೆ, 60 ಪ್ರಶ್ನೆ. ಭೌತ, ರಸಾಯನ, ಗಣಿತ, ಜೀವಶಾಸ್ತ್ರ ತಲಾ 15. ಪಿಯುಸಿಯಲ್ಲಿ ಜೀವಶಾಸ್ತ್ರ ಇಲ್ಲದವರೂ ಬರೆಯಬಹುದು, ಆದರೆ ಆ 15 ಪ್ರಶ್ನೆಗೆ ಸ್ವಲ್ಪ ತಯಾರಿ ಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ತಿರುಪತಿ ಹತ್ತಿರ.

2. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ: ನಾಲ್ಕು ವರ್ಷದ ಬಿಎಸ್ (ಸಂಶೋಧನೆ) ಪದವಿ 2011ರಿಂದ ಇದೆ. ಐಎಟಿ ಮತ್ತು ಜೆಇಇ ಅಡ್ವಾನ್ಸ್ಡ್ ಅಂಕಗಳನ್ನು ಪರಿಗಣಿಸುತ್ತಾರೆ. ಸೀಟು ಕಡಿಮೆ, ಸ್ಪರ್ಧೆ ಹೆಚ್ಚು.

3. ನೈಸರ್: ಭುವನೇಶ್ವರದ ಈ ಸಂಸ್ಥೆಗೆ ಮತ್ತು ಮುಂಬೈ ವಿಶ್ವವಿದ್ಯಾಲಯ–ಅಣುಶಕ್ತಿ ಇಲಾಖೆಯ ಮೂಲವಿಜ್ಞಾನ ಕೇಂದ್ರಕ್ಕೆ ನೆಸ್ಟ್ ಪರೀಕ್ಷೆ. ಇದೂ ಐದು ವರ್ಷದ ಓದು.

4. ಐಐಎಸ್‌ಟಿ, ತಿರುವನಂತಪುರ: ಬಾಹ್ಯಾಕಾಶ ಇಲಾಖೆಯದೇ ಕಾಲೇಜು, 2007ರಲ್ಲಿ ಆರಂಭ. ಜೆಇಇ ಅಡ್ವಾನ್ಸ್ಡ್ ಮೂಲಕ ಪ್ರವೇಶ. ಇಂಜಿನಿಯರಿಂಗ್ ಫಿಸಿಕ್ಸ್ ತೆಗೆದುಕೊಂಡವರು ಮುಂದೆ ಖಗೋಳ ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಮಾಡುವ ಅವಕಾಶ ಇದೆ.

5. ಹತ್ತಿರದ ಕಾಲೇಜಿನಲ್ಲಿ ಬಿಎಸ್ಸಿ: ಮೇಲಿನ ಯಾವುದೂ ಆಗದಿದ್ದರೆ ದಾರಿ ಮುಚ್ಚಿತು ಎಂದುಕೊಳ್ಳಬಾರದು. ಚಿಕ್ಕಬಳ್ಳಾಪುರ ಜಿಲ್ಲೆಯ ಕಾಲೇಜುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರುತ್ತವೆ. ಅಲ್ಲಿ ಬಿಎಸ್ಸಿ ಮಾಡಿ 'ಜಾಮ್' ಪರೀಕ್ಷೆ ಬರೆದರೆ ಐಐಟಿಗಳಲ್ಲಿ ಎಂಎಸ್ಸಿಗೂ, ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌.ಡಿ.ಗೂ ಹೋಗಬಹುದು. ಬೆಂಗಳೂರು, ಮೈಸೂರು ವಿಶ್ವವಿದ್ಯಾಲಯಗಳಲ್ಲಿ, ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿಯೂ ಭೌತಶಾಸ್ತ್ರದ ಎಂಎಸ್ಸಿ ಇದೆ. ಖರ್ಚು ಕಡಿಮೆ. ಮನೆಯ ಆರ್ಥಿಕ ಸ್ಥಿತಿ ಸಾಧಾರಣ ಇರುವವರಿಗೆ ಇದೇ ಒಳ್ಳೆಯ ದಾರಿ.

ಎಂಎಸ್ಸಿ ಮುಗಿದ ಮೇಲೆ ಪಿಎಚ್‌.ಡಿ.ಗೆ ಜೆಸ್ಟ್, ನೆಟ್, ಗೇಟ್ ಪರೀಕ್ಷೆಗಳಿವೆ. ವಿಜ್ಞಾನ ಸಂಸ್ಥೆಯಲ್ಲಿ 1982ರಿಂದ 'ಜಂಟಿ ಖಗೋಳಶಾಸ್ತ್ರ ಕಾರ್ಯಕ್ರಮ' ಇದೆ. ಅದರಲ್ಲಿ ಸೇರಿದವರು ಬೇರೆ ಬೇರೆ ಸಂಸ್ಥೆಗಳ ವಿಜ್ಞಾನಿಗಳ ಬಳಿ ಕೆಲಸ ಮಾಡಬಹುದು.

ಭಾಷೆಯ ವಿಷಯ: ಜೆಇಇ ಮೇನ್ಸ್ ಕನ್ನಡದಲ್ಲೂ ಬರೆಯಬಹುದು. ಐಎಟಿ, ಜೆಇಇ ಅಡ್ವಾನ್ಸ್ಡ್ ಕನ್ನಡದಲ್ಲಿ ಇಲ್ಲ. ಕನ್ನಡ ಮಾಧ್ಯಮದ ಮಕ್ಕಳು ಎಂಟನೇ ತರಗತಿಯಿಂದಲೇ ವಿಜ್ಞಾನ, ಗಣಿತದ ಇಂಗ್ಲಿಷ್ ಪದಗಳನ್ನು ಜೊತೆಯಲ್ಲಿ ಬರೆದಿಟ್ಟುಕೊಂಡರೆ ಪಿಯುಸಿಯಲ್ಲಿ ಭಯ ಇರುವುದಿಲ್ಲ.

ವರ್ಷ ಮತ್ತು ಹಣದ ಲೆಕ್ಕ

ವ್ಯಾಪಾರಸ್ಥರ ಮನೆಯಲ್ಲಿ ಲೆಕ್ಕ ಕೇಳುವುದು ಸಹಜ. ಲೆಕ್ಕ ಹೀಗಿದೆ. ಪಿಯುಸಿ ಮುಗಿಯುವಾಗ ವಯಸ್ಸು 18. ಎಂಎಸ್ಸಿ ಅಥವಾ ಬಿಎಸ್–ಎಂಎಸ್ ಮುಗಿಯುವಾಗ 23. ಪಿಎಚ್‌.ಡಿ.ಗೆ ಐದಾರು ವರ್ಷ, ಅಂದರೆ 28–29. ಆಮೇಲೆ ಎರಡರಿಂದ ಐದು ವರ್ಷ ದೇಶದಲ್ಲೋ ಹೊರದೇಶದಲ್ಲೋ ತಾತ್ಕಾಲಿಕ ಸಂಶೋಧನಾ ಹುದ್ದೆ. ಕಾಯಂ ಕೆಲಸ ಸಿಗುವ ಹೊತ್ತಿಗೆ ಮೂವತ್ತು ದಾಟಿರುತ್ತದೆ. ಇದನ್ನು ಮುಚ್ಚಿಡಬಾರದು.

ಆದರೆ ಪಿಎಚ್‌.ಡಿ. ಮಾಡುವಾಗ ತಂದೆಯ ಕೈಯಿಂದ ದುಡ್ಡು ಹೋಗುವುದಿಲ್ಲ. 2023ರ ಜನವರಿಯಿಂದ ಕೇಂದ್ರದ ಸಂಶೋಧನಾ ಫೆಲೋಶಿಪ್ ಮೊದಲ ಎರಡು ವರ್ಷ ತಿಂಗಳಿಗೆ ₹37,000, ನಂತರ ₹42,000 ಇದೆ. ಹಾಸ್ಟೆಲ್ ಇಲ್ಲದ ಕಡೆ ಮನೆ ಬಾಡಿಗೆ ಭತ್ಯೆಯೂ ಉಂಟು. ಪದವಿ ಹಂತದಲ್ಲಿ ಪಿಯುಸಿ ಮಂಡಳಿಯ ಮೇಲಿನ ಶೇಕಡಾ ಒಂದರಲ್ಲಿ ಬಂದು ಮೂಲವಿಜ್ಞಾನ ಓದುವವರಿಗೆ ಕೇಂದ್ರದ 'ಇನ್‌ಸ್ಪೈರ್' ವಿದ್ಯಾರ್ಥಿವೇತನ ವರ್ಷಕ್ಕೆ ₹80,000 ಎಂದು ರೂಪಿಸಲಾಗಿದೆ. ಆಯಾ ವರ್ಷದ ಪ್ರಕಟಣೆ ನೋಡಿ ಅರ್ಜಿ ಹಾಕಬೇಕು.

ಕೆಲಸ ಸಿಕ್ಕ ಮೇಲಿನ ಸಂಬಳ ಕಡಿಮೆ ಏನಲ್ಲ. ಇಸ್ರೋದ ಆರಂಭದ ವಿಜ್ಞಾನಿ/ಇಂಜಿನಿಯರ್ ಹುದ್ದೆಯ ಮೂಲವೇತನ ಏಳನೇ ವೇತನ ಆಯೋಗದಂತೆ ₹56,100, ಕಾಲೇಜಿನ ಸಹಾಯಕ ಪ್ರಾಧ್ಯಾಪಕರದು ₹57,700. ಭತ್ಯೆಗಳು ಬೇರೆ.

ಜಾತಿ ಮತ್ತು ಅಲ್ಪಸಂಖ್ಯಾತ ಪ್ರಮಾಣಪತ್ರದ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ ಇದೆ. ಜೈನ ಸಮಾಜಕ್ಕೆ 2014ರ ಜನವರಿಯಲ್ಲಿ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ಸಿಕ್ಕಿದೆ. ಅದರಿಂದ ವಿದ್ಯಾರ್ಥಿವೇತನಗಳಿಗೆ ಅನುಕೂಲ, ಆದರೆ ಐಸರ್, ಐಐಟಿಗಳಲ್ಲಿ ಅಲ್ಪಸಂಖ್ಯಾತರೆಂದು ಸೀಟು ಮೀಸಲು ಇಲ್ಲ. ರಾಜ್ಯದ ಪಟ್ಟಿಯಲ್ಲಿ ದಿಗಂಬರ ಜೈನರು ಪ್ರವರ್ಗ 3ಬಿಯಲ್ಲಿದ್ದಾರೆ. ಆ ಪತ್ರ ಸಿಇಟಿ ಮತ್ತು ರಾಜ್ಯದ ಕಾಲೇಜುಗಳಿಗೆ ಮಾತ್ರ. ಕೇಂದ್ರದ ಸಂಸ್ಥೆಗೆ ಕೇಂದ್ರದ ಪಟ್ಟಿ, ಕೇಂದ್ರದ ನಮೂನೆಯ ಪತ್ರವೇ ಬೇಕು. ಮೀಸಲಾತಿ ಇಲ್ಲದ, ಆದಾಯ ಕಡಿಮೆ ಇರುವ ಕುಟುಂಬಗಳು ಆರ್ಥಿಕವಾಗಿ ಹಿಂದುಳಿದವರ ಪತ್ರಕ್ಕೆ ತಹಸೀಲ್ದಾರ್ ಕಚೇರಿಯಲ್ಲಿ ಅರ್ಜಿ ಕೊಡಬಹುದು. ಫಲಿತಾಂಶ ಬಂದ ಮೇಲೆ ಓಡಾಡುವುದಕ್ಕಿಂತ ಮೊದಲೇ ಪತ್ರ ಮಾಡಿಸಿಡುವುದು ಲೇಸು.

ವಿಜ್ಞಾನಿ ಹುದ್ದೆ ಸಿಗದಿದ್ದರೆ?

ಪೋಷಕರ ನಿಜವಾದ ಭಯ ಇದೇ. ಭೌತಶಾಸ್ತ್ರ ಓದಿದ ಎಲ್ಲರೂ ಖಗೋಳ ವಿಜ್ಞಾನಿ ಆಗುವುದಿಲ್ಲ. ಕಾಯಂ ಹುದ್ದೆಗಳು ಕಡಿಮೆ. ಆದರೆ ಓದು ವ್ಯರ್ಥವಾಗುವುದಿಲ್ಲ. ಒಂದೊಂದು ಹಂತದಲ್ಲೂ ಹೊರಬರಲು ಬಾಗಿಲು ಇದೆ.

ಬಿಎಸ್ಸಿ ಹಂತದಲ್ಲಿ: ಬಿ.ಇಡಿ. ಮಾಡಿ ಪ್ರೌಢಶಾಲೆಯ ಶಿಕ್ಷಕರಾಗಬಹುದು. ಹವಾಮಾನ ಇಲಾಖೆಯ ವೈಜ್ಞಾನಿಕ ಸಹಾಯಕ ಹುದ್ದೆಗೆ ಭೌತಶಾಸ್ತ್ರದ ಪದವೀಧರರನ್ನು ಸಿಬ್ಬಂದಿ ನೇಮಕಾತಿ ಆಯೋಗ ಆರಿಸುತ್ತದೆ. ಬ್ಯಾಂಕ್, ಕೆಎಎಸ್, ಐಎಎಸ್ ಪರೀಕ್ಷೆಗಳು ಎಲ್ಲ ಪದವೀಧರರಿಗೂ ತೆರೆದಿವೆ.

ಎಂಎಸ್ಸಿ ಹಂತದಲ್ಲಿ: ಪಿಯು ಉಪನ್ಯಾಸಕ, ನೆಟ್ ಅಥವಾ ಕೆಸೆಟ್ ಪಾಸಾದರೆ ಪದವಿ ಕಾಲೇಜಿನ ಅಧ್ಯಾಪಕ. ಭಾಭಾ ಅಣು ಸಂಶೋಧನಾ ಕೇಂದ್ರ ಪ್ರತಿ ವರ್ಷ ಎಂಎಸ್ಸಿಯವರನ್ನು ಒಂದು ವರ್ಷದ ತರಬೇತಿಗೆ ತೆಗೆದುಕೊಂಡು ವೈಜ್ಞಾನಿಕ ಅಧಿಕಾರಿಗಳನ್ನಾಗಿ ಮಾಡುತ್ತದೆ.

ವೈದ್ಯಕೀಯ ಭೌತವಿಜ್ಞಾನಿ: ಈ ಕೆಲಸದ ಹೆಸರೇ ಅನೇಕರು ಕೇಳಿಲ್ಲ. ಕ್ಯಾನ್ಸರ್ ರೋಗಿಗೆ ವಿಕಿರಣ ಚಿಕಿತ್ಸೆ ಕೊಡುವಾಗ ಎಷ್ಟು ಪ್ರಮಾಣ, ಯಾವ ಕೋನದಿಂದ ಎಂದು ಲೆಕ್ಕ ಹಾಕಿ, ಯಂತ್ರ ಸರಿಯಾಗಿ ಕೊಡುತ್ತಿದೆಯೇ ಎಂದು ಪರೀಕ್ಷಿಸುವವರು ಇವರೇ. ವಿಕಿರಣ ಚಿಕಿತ್ಸೆ ಇರುವ ಆಸ್ಪತ್ರೆಗಳಿಗೆ ಇವರು ಬೇಕೇ ಬೇಕು. ಎಂಎಸ್ಸಿ ನಂತರ ವಿಕಿರಣ ಭೌತಶಾಸ್ತ್ರದ ಡಿಪ್ಲೊಮಾ ಮಾಡಬೇಕು. ಜೀವದಾನದ ಪುಣ್ಯವೂ ಇದರಲ್ಲಿದೆ.

ಖಾಸಗಿ ರಂಗದಲ್ಲಿ: ಪಿಎಚ್‌.ಡಿ. ಅರ್ಧದಲ್ಲಿ ಬಿಟ್ಟವರೂ ದತ್ತಾಂಶ ವಿಶ್ಲೇಷಣೆ, ಸೆಮಿಕಂಡಕ್ಟರ್, ಲೇಸರ್, ಮಸೂರ ತಯಾರಿಕೆ ಮುಂತಾದ ಕಂಪನಿಗಳಿಗೆ ಸೇರುತ್ತಾರೆ. ನಕ್ಷತ್ರದ ದತ್ತಾಂಶದಿಂದ ಗದ್ದಲ ತೆಗೆದು ಸತ್ಯ ಹುಡುಕಲು ಕಲಿತವರಿಗೆ ಕಂಪನಿಯ ಅಂಕಿ–ಅಂಶ ಕಷ್ಟವಲ್ಲ.

ಸ್ವಂತ ವ್ಯಾಪಾರದಲ್ಲೂ ಈ ವಿದ್ಯೆಗೆ ಬೆಲೆ ಇದೆ. ಹಾಲ್‌ಮಾರ್ಕ್ ಕೇಂದ್ರದಲ್ಲಿ ಚಿನ್ನವನ್ನು ಕರಗಿಸದೆ ಶುದ್ಧತೆ ಹೇಳುವ ಎಕ್ಸ್‌ಆರ್‌ಎಫ್ ಯಂತ್ರ ಎಕ್ಸ್–ಕಿರಣದ ಭೌತಶಾಸ್ತ್ರದ ಮೇಲೆ ನಿಂತಿದೆ. ರತ್ನ ಪರೀಕ್ಷೆಯಲ್ಲಿ ನೋಡುವುದು ಬೆಳಕು ಹರಳಿನೊಳಗೆ ಎಷ್ಟು ಬಾಗುತ್ತದೆ ಎಂಬುದನ್ನು. ಭೌತಶಾಸ್ತ್ರ ಓದಿ ಚಿನ್ನದ ಅಂಗಡಿಗೆ ಬಂದ ಮಗ ಕೈಬರಿದಾಗಿ ಬಂದವನಲ್ಲ.

ಧರ್ಮ, ಊಟ, ಹೆಣ್ಣುಮಕ್ಕಳು

ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಪ್ರಾಣಿಗಳನ್ನು ಕೊಯ್ಯಬೇಕಾದೀತೆಂದು ಹಿಂಜರಿಯುವ ಜೈನ ಮಕ್ಕಳಿದ್ದಾರೆ. ಭೌತಶಾಸ್ತ್ರದಲ್ಲಿ ಆ ತೊಂದರೆಯೇ ಇಲ್ಲ. ರಕ್ಷಣಾ ಸಂಸ್ಥೆಗಳ ಆಯುಧದ ಕೆಲಸ ಬೇಡ ಎನ್ನುವವರಿಗೆ ಖಗೋಳ, ಹವಾಮಾನ, ವೈದ್ಯಕೀಯ, ಬೋಧನೆ ಎಂಬ ಅಹಿಂಸೆಯ ದಾರಿಗಳು ಬೇಕಾದಷ್ಟಿವೆ. ಕೊಠಾರಿ ಅವರು 1948ರಿಂದ 1961ರವರೆಗೆ ರಕ್ಷಣಾ ಸಚಿವಾಲಯದ ವೈಜ್ಞಾನಿಕ ಸಲಹೆಗಾರರಾಗಿದ್ದರು. ಹಾಗೆಂದು ಅವರು ಅಹಿಂಸೆಯ ಚಿಂತನೆಯನ್ನು ಬಿಡಲಿಲ್ಲ. ಯಾವ ಕೆಲಸ ಒಪ್ಪಬೇಕು ಎಂಬುದು ಅವರವರ ಆತ್ಮಸಾಕ್ಷಿಗೆ ಬಿಟ್ಟ ವಿಷಯ.

ಸೂರ್ಯಾಸ್ತದ ನಂತರ ಊಟ ಮಾಡದವರಿಗೆ ರಾತ್ರಿ ಕೆಲಸ ಹೇಗೆ ಎಂಬ ಪ್ರಶ್ನೆ ಬರುತ್ತದೆ. ಸೂರ್ಯನನ್ನು ಅಧ್ಯಯನ ಮಾಡುವವರ ವೀಕ್ಷಣೆ ಹಗಲಿನಲ್ಲೇ. ರೇಡಿಯೋ ದೂರದರ್ಶಕಕ್ಕೆ ಹಗಲು ರಾತ್ರಿ ಭೇದವಿಲ್ಲ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕವನ್ನು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದಿಂದ ನಡೆಸುತ್ತಾರೆ. ಅಂತಹ ರಾತ್ರಿ ಪಾಳಿ ವರ್ಷದಲ್ಲಿ ಕೆಲವು ದಿನ ಮಾತ್ರ, ಉಳಿದದ್ದೆಲ್ಲ ಕಂಪ್ಯೂಟರ್ ಮುಂದಿನ ಕೆಲಸ. ಹಾಸ್ಟೆಲುಗಳಲ್ಲಿ ಸಸ್ಯಾಹಾರ ಸಿಗುತ್ತದೆ. ಕಂದಮೂಲ ಇಲ್ಲದ ಅಡುಗೆ, ಬೇಗ ಊಟ ಬೇಕೆಂದರೆ ಸೇರುವ ಮುಂಚೆಯೇ ಮೆಸ್‌ನವರನ್ನು ಕೇಳಬೇಕು. ಆ ಊರಿನ ಜೈನ ಸಮಾಜದವರ ಪರಿಚಯ ಮಾಡಿಕೊಟ್ಟರೆ ಮಗುವಿಗೂ ಧೈರ್ಯ.

ಶಾಸ್ತ್ರದಲ್ಲಿ ಜಂಬೂದ್ವೀಪಕ್ಕೆ ಎರಡು ಸೂರ್ಯ, ಎರಡು ಚಂದ್ರ ಎಂದಿದೆ, ಶಾಲೆಯಲ್ಲಿ ಬೇರೆ ಹೇಳುತ್ತಾರೆ, ಮಗು ಶ್ರದ್ಧೆ ಕಳೆದುಕೊಂಡರೆ ಎಂದು ಚಿಂತಿಸುವವರಿದ್ದಾರೆ. ಆಚಾರ್ಯರು ತಮ್ಮ ಕಾಲದಲ್ಲಿ ಆಕಾಶವನ್ನು ಗಣಿತದಿಂದ ತಿಳಿಯಲು ಹೊರಟದ್ದೇ ದೊಡ್ಡ ವಿಷಯ. ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ತ್ರಿಲೋಕಸಾರ ರಚಿಸಿದರು. ಪ್ರಶ್ನೆ ಕೇಳಿ, ಅಳೆದು, ಲೆಕ್ಕ ಹಾಕುವುದು ಈ ಪರಂಪರೆಗೆ ಹೊಸದಲ್ಲ. ಉಪಕರಣ ಅಳೆದು ತೋರಿಸಿದ್ದನ್ನು ಮಗು ಪರೀಕ್ಷೆಯಲ್ಲಿ ಬರೆಯಲಿ. ಸಮ್ಯಕ್ ಚಾರಿತ್ರ್ಯ ಮನೆಯಲ್ಲಿ ಕಲಿಯಲಿ. ಒಂದನ್ನು ಕಲಿಯಲು ಇನ್ನೊಂದನ್ನು ಬಿಡಬೇಕಾಗಿಲ್ಲ.

ಹೆಣ್ಣುಮಕ್ಕಳಿಗೆ ಇಷ್ಟು ವರ್ಷದ ಓದು ಬೇಡ ಎನ್ನುವ ಮಾತು ಈಗಲೂ ಕೇಳಿಬರುತ್ತದೆ. ಗೌರಿಬಿದನೂರು ಕೇಂದ್ರವನ್ನು ನಡೆಸುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗೆ 2019ರಲ್ಲಿ ನಿರ್ದೇಶಕರಾದವರು ಅನ್ನಪೂರ್ಣಿ ಸುಬ್ರಮಣ್ಯಂ. 2023ರ ಸೆಪ್ಟೆಂಬರ್ 2ರಂದು ಹೊರಟು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನನ್ನು ನೋಡುತ್ತಿರುವ ಆದಿತ್ಯ–ಎಲ್1 ಯೋಜನೆಯ ನಿರ್ದೇಶಕರಾಗಿದ್ದವರು ನಿಗಾರ್ ಶಾಜಿ. ಅದರ ಮುಖ್ಯ ಉಪಕರಣ ತಯಾರಾದದ್ದು ಹೊಸಕೋಟೆಯಲ್ಲಿ. ಮದುವೆ ಮತ್ತು ಪಿಎಚ್‌.ಡಿ. ಎರಡೂ ಒಟ್ಟಿಗೆ ನಡೆಸಿದವರು ಬೇಕಾದಷ್ಟು ಜನ ಇದ್ದಾರೆ. ಬೇಕಿರುವುದು ಎರಡೂ ಮನೆಯವರ ಒಪ್ಪಿಗೆ.

ಯಾರಿಗೆ ಇದು ಸರಿ, ಯಾರಿಗೆ ಅಲ್ಲ?

ನಕ್ಷತ್ರದ ಚಿತ್ರ ನೋಡಿ ಸಂತೋಷಪಡುವುದು ಒಂದು, ಗಣಿತದೊಂದಿಗೆ ದಿನವೂ ಆರು ಗಂಟೆ ಕೂರುವುದು ಇನ್ನೊಂದು. ಮಗುವಿಗೆ ಗಣಿತ ಬೇಸರವಾಗಿದ್ದರೆ ಖಗೋಳವನ್ನು ಹವ್ಯಾಸವಾಗಿ ಇಟ್ಟುಕೊಂಡು ಬೇರೆ ಓದು ಆರಿಸುವುದು ಒಳ್ಳೆಯದು. ಒಂದು ಬೈನಾಕ್ಯುಲರ್ ಸಾಕು, ಪೆರೇಸಂದ್ರದ ಸುತ್ತಲಿನ ಹಳ್ಳಿಗಳ ಕತ್ತಲೆಯ ಆಕಾಶದಲ್ಲಿ ಗುರುಗ್ರಹದ ಉಪಗ್ರಹಗಳನ್ನೂ ಕಾಣಬಹುದು. ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತು ಎಂದು ತಾನೇ ಹುಡುಕುವ, ಉತ್ತರ ಸಿಗುವವರೆಗೆ ಬಿಡದ ಮಗುವಾದರೆ ಮಾತ್ರ ಈ ದಾರಿಗೆ ಕಳುಹಿಸಬೇಕು. ಅಂಕ ಎಷ್ಟು ಎನ್ನುವುದಕ್ಕಿಂತ ಈ ಗುಣ ಮುಖ್ಯ.

ಈ ವರ್ಷವೇ ಮಾಡಬಹುದಾದ ಕೆಲಸಗಳು

8ರಿಂದ 10ನೇ ತರಗತಿ: ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯಕ್ಕೆ ಒಮ್ಮೆ ಕರೆದುಕೊಂಡು ಹೋಗಿ. ಶಾಲೆಯ ಮೂಲಕ ಪತ್ರ ಬರೆದು, ಮೊದಲೇ ಅನುಮತಿ ಪಡೆದು ಗೌರಿಬಿದನೂರು ವೀಕ್ಷಣಾಲಯ ನೋಡಿಸಿ. ಭೌತಶಾಸ್ತ್ರ ಅಧ್ಯಾಪಕರ ಸಂಘ ನಡೆಸುವ ಕಿರಿಯರ ವಿಜ್ಞಾನ ಪರೀಕ್ಷೆ ಬರೆಸಿ.

ಪಿಯುಸಿ: ಅದೇ ಸಂಘದ ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರದ ರಾಷ್ಟ್ರೀಯ ಪರೀಕ್ಷೆಗಳು ಸಾಮಾನ್ಯವಾಗಿ ನವೆಂಬರ್‌ನಲ್ಲಿ ನಡೆಯುತ್ತವೆ. ಅಂತರರಾಷ್ಟ್ರೀಯ ಒಲಿಂಪಿಯಾಡ್‌ಗೆ ಇದೇ ಮೊದಲ ಮೆಟ್ಟಿಲು. ಖಗೋಳ ಒಲಿಂಪಿಯಾಡ್ 2025ರಲ್ಲಿ ಮುಂಬೈಯಲ್ಲೇ ನಡೆಯಿತು. ಸಿಇಟಿ ಜೊತೆಗೆ ಐಎಟಿ, ನೆಸ್ಟ್ ಅರ್ಜಿಯನ್ನೂ ತಪ್ಪದೆ ಹಾಕಿ. ಅರ್ಜಿ ಹಾಕುವ ದಿನ ಗೊತ್ತಿಲ್ಲದೆ ತಪ್ಪಿಸಿಕೊಂಡ ಮಕ್ಕಳೇ ಹೆಚ್ಚು.

ಬಿಎಸ್ಸಿ: ತಾರಾಲಯದಲ್ಲಿ ಬಿಎಸ್ಸಿ ವಿದ್ಯಾರ್ಥಿಗಳಿಗಾಗಿ 'ರೀಪ್' ಎಂಬ ವಾರಾಂತ್ಯದ ತರಗತಿಗಳಿವೆ. ಸಾಮಾನ್ಯ ಕಾಲೇಜಿನ ಎಷ್ಟೋ ಮಕ್ಕಳು ಅಲ್ಲಿಂದ ದೊಡ್ಡ ಸಂಸ್ಥೆಗಳಿಗೆ ಹೋಗಿದ್ದಾರೆ. ಬೇಸಿಗೆ ರಜೆಯಲ್ಲಿ ಸಂಶೋಧನಾ ಸಂಸ್ಥೆಗಳು ಕೊಡುವ ತರಬೇತಿಗೆ ಅರ್ಜಿ ಹಾಕಿ.

ಸಮಾಜದ ಟ್ರಸ್ಟ್‌ಗಳು, ಸಂಘಗಳು ಪ್ರತಿಭಾ ಪುರಸ್ಕಾರದಲ್ಲಿ ಹಾರ, ಫಲಕ ಕೊಡುವುದರ ಜೊತೆಗೆ ಐಎಟಿ ಅರ್ಜಿಯ ಶುಲ್ಕ, ತಾರಾಲಯಕ್ಕೆ ಹೋಗಿಬರುವ ಬಸ್ ಖರ್ಚು, ಒಂದು ಸಣ್ಣ ದೂರದರ್ಶಕ ಕೊಟ್ಟರೆ ಅದು ನಿಜವಾದ ವಿದ್ಯಾದಾನ. ನಾಲ್ಕು ದಾನಗಳಲ್ಲಿ ಶಾಸ್ತ್ರದಾನಕ್ಕೆ ದೊಡ್ಡ ಸ್ಥಾನ ಇದೆ. ಈ ಕಾಲದ ಶಾಸ್ತ್ರದಾನ ಇದು.

ಹೊಸೂರಿನ ಹುಡುಗ ನಡೆದು ಬೆಂಗಳೂರಿಗೆ ಹೋದ ಕಾಲದಲ್ಲಿ ದಾರಿ ಹೇಳುವವರು ಒಬ್ಬರೋ ಇಬ್ಬರೋ. ಇಂದು ಪೆರೇಸಂದ್ರದ ಮುಂದೆಯೇ ಹೆದ್ದಾರಿ ಹೋಗುತ್ತದೆ, ಪಕ್ಕದ ತಾಲ್ಲೂಕಿನಲ್ಲೇ ಆಕಾಶ ನೋಡುವ ಕೇಂದ್ರ ಇದೆ. ಮಗು ಕೇಳಿದಾಗ ಹೌದು, ಅಲ್ಲ ಎನ್ನುವ ಮುಂಚೆ ಒಂದು ದಿನ ಕೂತು ವಿಚಾರಿಸುವಷ್ಟನ್ನು ಮನೆಯವರು ಮಾಡಿದರೆ ಸಾಕು.

ಜೈ ಜಿನೇಂದ್ರ.